ಯಾನಿಕಮ್ಮನ ಎಂಟು ಸಾಲು

ಆ ಊರಿನಲ್ಲಿ ಪದ್ಯ ಕೇಳುವವರು ಬಾಯಲ್ಲಿ ಒಂದು ಗುಟುಕು ನೀರು ಹಿಡಿದು ಕೂರುತ್ತಾರೆ. ಹೇಳುವವರು ಮುಗಿಸಿ, ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟ ನಂತರ ಎಲ್ಲರೂ ಒಟ್ಟಿಗೆ ನುಂಗುತ್ತಾರೆ. ಆ ನುಂಗುವ ಸದ್ದೇ ಅಲ್ಲಿನ ಚಪ್ಪಾಳೆ. ಮೊದಲ ದಿನ ಸರೋವರದ ದಂಡೆಯ ಸಭಾಮಂದಿರದಲ್ಲಿ ನಮ್ಮ ಏಳು ಜನ ಭಾಷಾ ಶಿಕ್ಷಕರ ಕೈಗೂ ಮಣ್ಣಿನ ಪುಟ್ಟ ಬಟ್ಟಲು ಕೊಟ್ಟರು. ನಮ್ಮ ತಂಡದ ಹಿರಿಯರಾದ ತಿಪ್ಪೇರುದ್ರಪ್ಪ ಸರ್ ಅದನ್ನು ತೀರ್ಥವೆಂದು ತಿಳಿದು ಕುಡಿದು, ಕೈಯನ್ನು ತಲೆಗೆ ಒರೆಸಿಕೊಂಡರು. ಪಕ್ಕದಲ್ಲಿದ್ದವರು ನಗಲಾರದೆ, ಬಾಯಲ್ಲಿದ್ದ ನೀರನ್ನು ಉಳಿಸಿಕೊಳ್ಳಲು ಪಟ್ಟ ಪಾಡನ್ನು ನೋಡಿ ನನಗೇ ನಗು ಬಂತು.

ನಾನು ಹದಿನಾಲ್ಕು ವರ್ಷದಿಂದ ಕಾಲೇಜಿನಲ್ಲಿ ಆ ದೇಶದ ಭಾಷೆ ಕಲಿಸುತ್ತಿದ್ದೆ. ಆ ಭಾಷೆಯನ್ನು ಅದರ ಜನರ ಬಾಯಿಂದ ಒಮ್ಮೆಯೂ ನೇರವಾಗಿ ಕೇಳಿರಲಿಲ್ಲ. ಆರು ವಾರ ಅಲ್ಲಿನ ಮನೆಗಳಲ್ಲಿದ್ದು, ಅವರ ಜೊತೆ ಉಂಡು, ಅವರ ಸಂತೆ, ಜಗಳ, ಜೋಗುಳ ಎಲ್ಲ ಕೇಳಿ ಬನ್ನಿ ಎಂದು ನಮ್ಮನ್ನು ಕಳಿಸಿದ್ದರು. ವಿಮಾನ, ರೈಲು, ಕೊನೆಗೆ ಒಂದು ಹಳೆಯ ಬಸ್ಸು. ಬಸ್ಸು ನಿಂತ ಊರಿನ ಹೆಸರು ನಮ್ಮ ಪಠ್ಯದಲ್ಲಿದ್ದ ಭೂಪಟದಲ್ಲಿ ಇರಲಿಲ್ಲ. ನಾನು ಇಳಿದುಕೊಂಡದ್ದು ಯಾನಿಕಾ ಎಂಬ ಮುದುಕಿಯ ಮನೆಯಲ್ಲಿ. ಎರಡನೇ ದಿನಕ್ಕೇ ನನ್ನ ಬಾಯಲ್ಲಿ ಅವರು ಯಾನಿಕಮ್ಮ ಆದರು. ಅವರ ಮಾತುಗಳನ್ನು ಇಲ್ಲಿ ನನ್ನ ಊರಿನ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅವು ಹಾಗೆಯೇ ಕೇಳಿಸಿದ್ದವು.

ಅಲ್ಲಿ ಒಂದು ಪದ್ಯ ಒಂದೇ ಬಾಯಲ್ಲಿ ಇರುತ್ತದೆ. ಕೇಳಿದವರು ಅದನ್ನು ಹೇಳಿದವರ ಎದುರಿಗೇ ಮರಳಿ ಹೇಳಿದರೆ ಅದು ಅವರದಾಗುತ್ತದೆ, ಮೊದಲಿನವರ ಬಾಯಿಂದ ಹೊರಟುಹೋಗುತ್ತದೆ. ಮರಳಿ ಹೇಳದಿದ್ದರೆ ನೂರು ಸಲ ಕೇಳಿದರೂ ನಿಲ್ಲುವುದಿಲ್ಲ. ಕೇಳುವವರ ಬಾಯಲ್ಲಿ ನೀರಿರುವುದು ಅದಕ್ಕೇ. ಮಾತಿಗೆ ಈ ಕಟ್ಟಿಲ್ಲ, ಪದ್ಯಕ್ಕೆ ಮಾತ್ರ. ಆದ್ದರಿಂದ ಅಲ್ಲಿನ ಶಾಲೆಯಲ್ಲಿ ಮಕ್ಕಳು ಒಕ್ಕೊರಲಿನಿಂದ ಹೇಳುವ ಪಾಠವೇ ಇಲ್ಲ. ಮದುವೆಯಲ್ಲಿ ತಾಯಿ ಮಗಳಿಗೆ ಪದ್ಯ ದಾಟಿಸುತ್ತಾಳೆ, ದಾಟಿಸಿ ಸ್ವಲ್ಪ ಹೊತ್ತು ಬಾಯಿ ಚಪ್ಪರಿಸುತ್ತಾ ಕೂರುತ್ತಾಳೆ, ಹಲ್ಲು ಬಿದ್ದ ಜಾಗವನ್ನು ನಾಲಿಗೆ ಹುಡುಕುವ ಹಾಗೆ. ಎದುರುಬದುರು ಬ್ರೆಡ್ಡಿನ ಅಂಗಡಿ ಇಟ್ಟಿರುವ ಅಕ್ಕತಂಗಿಯರಿಬ್ಬರು ತಾಯಿಯ ಪದ್ಯವನ್ನು ಅರ್ಧರ್ಧ ಹಂಚಿಕೊಂಡು, ಆಮೇಲೆ ಯಾವುದೋ ಮಾತಿಗೆ ಮುನಿಸಿಕೊಂಡರಂತೆ. ಮೂವತ್ತು ವರ್ಷದಿಂದ ಆ ಪದ್ಯವನ್ನು ಒಂದೇ ಕಡೆ ಪೂರ್ತಿ ಕೇಳಿದವರಿಲ್ಲ. ಒಬ್ಬಳ ಅಂಗಡಿಗೆ ಹೋದರೆ ಮೊದಲರ್ಧ ಹೇಳುತ್ತಾಳೆ, ಉಳಿದದ್ದು ಕೇಳಬೇಕೆಂದರೆ ರಸ್ತೆ ದಾಟಬೇಕು.

"ಬರೆದಿಟ್ಕೊಂಡ್ರೆ ಆಗಲ್ವಾ ಯಾನಿಕಮ್ಮ?" ಎಂದು ಕೇಳಿದೆ. ಮೇಷ್ಟರ ಬುದ್ಧಿ.

"ಬರ್ಕೊ. ಹಣ್ಣಿನ ಚಿತ್ರ ಬರ್ದಿಟ್ಕೊಂಡು ತಿಂತೀಯೇನಮ್ಮ ನೀನು?" ಎಂದರು.

ನನ್ನ ತಂದೆ ಗಮಕಿಗಳು. ಚಾತುರ್ಮಾಸ್ಯ ಬಂತೆಂದರೆ ರಾಮಮಂದಿರದಲ್ಲಿ ಸಂಜೆ ಸಂಜೆ ಕಾವ್ಯವಾಚನ. ಅಣ್ಣ ಪ್ರಹ್ಲಾದ ಅವರ ಪಕ್ಕದಲ್ಲಿ, ನಾನು ಎದುರಿಗೆ ಕಂಬಕ್ಕೆ ಒರಗಿ. ಅಣ್ಣನಿಗೆ ಒಮ್ಮೆ ಕೇಳಿದರೆ ಬರುತ್ತಿತ್ತು. ನನಗೆ ಹತ್ತು ಸಲ ಕೇಳಿದರೂ ಎರಡನೇ ಸಾಲಿಗೆ ನಾಲಿಗೆ ಮರಗಟ್ಟುತ್ತಿತ್ತು. ಒಂದು ಸಲ ಜನರ ಮುಂದೆ ನಿಂತು ಹೀಗೇ ಆಗಿ, ಮನೆಗೆ ಬಂದು ಅತ್ತಾಗ ತಂದೆ ಹತ್ತಿರ ಕೂರಿಸಿಕೊಂಡು, "ವೇಣೀ, ಕೇಳೋದೂ ಸೇವೆನೇ ಕಣೆ. ಎಲ್ಲರೂ ಹಾಡ್ತಾ ಕೂತ್ರೆ ದೇವರಾದ್ರೂ ಯಾರನ್ನ ನೋಡಿ ತಲೆದೂಗ್ಬೇಕು?" ಎಂದಿದ್ದರು. ನವವಿಧ ಭಕ್ತಿಯಲ್ಲಿ ಶ್ರವಣವೇ ಮೊದಲನೆಯದೆಂದು ನಾನೂ ಸಮಾಧಾನ ಮಾಡಿಕೊಂಡೆ. ನಮ್ಮಲ್ಲಿ ಕೇಳುವವರಿಗೂ ಒಂದು ಪದ್ಧತಿಯಿತ್ತು. ಗಮಕಿಗಳು ಒಂದು ಸಾಲು ಹೇಳಿದರೆ, ಅದರ ಬೆನ್ನಿಗೇ ಕೇಳುವವರು ತುಟಿಯೊಳಗೇ ಆ ಸಾಲನ್ನು ಹೇಳಿಕೊಳ್ಳಬೇಕು, ಪಕ್ಕದವರಿಗೂ ಕೇಳದಷ್ಟು ಮೆಲ್ಲಗೆ. ತಂದೆ ಅದನ್ನು ಬೆನ್ನುದನಿ ಎನ್ನುತ್ತಿದ್ದರು. ನಲವತ್ತು ವರ್ಷ ನಾನು ಬೆನ್ನುದನಿ ಹಿಡಿದೆ. ಎದ್ದು ಹೊರಡುವಾಗ ಒಂದು ಸಾಲೂ ನನ್ನ ಜೊತೆ ಮನೆಗೆ ಬರುತ್ತಿರಲಿಲ್ಲ.

ಯಾನಿಕಮ್ಮನ ಬಳಿ ಇದ್ದದ್ದು ಎಂಟು ಸಾಲಿನ ಒಂದು ಪದ್ಯ. ಹೆಪ್ಪುಗಟ್ಟಿದ ಸರೋವರವನ್ನು ಕೆಂಡದ ಮಡಕೆ ಹಿಡಿದು ದಾಟಿದ ಒಬ್ಬ ಬಸುರಿಯ ಕಥೆ. ಕೊನೆಯ ಸಾಲಿನಲ್ಲಿ ಒಂದು ಹೆಸರಿನಷ್ಟು ಜಾಗ ಖಾಲಿ. ಅವರ ಮನೆತನದಲ್ಲಿ ಹುಟ್ಟಿದ ಮಗುವಿನ ಹೆಸರನ್ನು ಆ ಜಾಗದಲ್ಲಿಟ್ಟು ಹೇಳಬೇಕು. ಆಗಲೇ ಹೆಸರು ಮಗುವಿಗೆ ಹತ್ತುವುದು, ಊರವರು ಆ ಹೆಸರು ಹಿಡಿದು ಕರೆಯುವುದು. ಅವರ ಒಬ್ಬಳೇ ಮಗಳು ಬೆರಿತ್ ಎರಡು ಬೀದಿ ಆಚೆ ಇದ್ದಳು. ಆಕೆಗೆ ಹೆಣ್ಣುಮಗು ಹುಟ್ಟಿ ಮೂರು ವಾರವಾಗಿತ್ತು. ನಾಮಕರಣದ ದಿನ ಯಾನಿಕಮ್ಮ ಮಗುವಿನ ಹೆಸರಿಟ್ಟು ಪದ್ಯ ಹೇಳುವುದು, ಅದನ್ನು ಬೆರಿತ್ ಮರಳಿ ಹೇಳುವುದು, ಅಲ್ಲಿಗೆ ಪದ್ಯ ಮಗಳ ಮನೆ ಸೇರುವುದು ಎಂದು ನಿಶ್ಚಯವಾಗಿತ್ತು. ನಾವು ಊರಿಗೆ ಹೊರಡುವ ಹಿಂದಿನ ದಿನವೇ ನಾಮಕರಣ.

"ಕೊಟ್ಬಿಟ್ರೆ ಹಗುರ ಆಗ್ತೀನಿ ಕಣಮ್ಮ," ಎನ್ನುತ್ತಿದ್ದರು ಯಾನಿಕಮ್ಮ. "ನಮ್ಮಮ್ಮ ಕೊಟ್ಟಾಗ ನನಗೆ ಹತ್ತೊಂಬತ್ತು. ಅವತ್ತಿಂದ ಎಲ್ಲೋ ಬೀಳಿಸ್ಕೊಂಡ್ಬಿಟ್ಟೆನೇನೋ ಅಂತ ದಿನಾ ಬೆಳಿಗ್ಗೆ ಎದ್ದು ನೋಡ್ಕೊಳ್ಳೋದು. ಸಾಕಾಗಿದೆ."

ಪ್ರತಿ ಮಧ್ಯಾಹ್ನ ಅಡುಗೆಮನೆಯ ಮೇಜಿನ ಹತ್ತಿರ ಕೂತು, ಟರ್ನಿಪ್ ಗಡ್ಡೆಯ ಸಿಪ್ಪೆ ತೆಗೆಯುತ್ತಾ ನನಗೆ ಆ ಪದ್ಯ ಹೇಳುತ್ತಿದ್ದರು. ನಾನು ಬಟ್ಟಲಿನಿಂದ ಒಂದು ಗುಟುಕು ತೆಗೆದುಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಬೇರೆ ಮನೆಗಳಲ್ಲಿದ್ದ ನಮ್ಮ ಶಿಕ್ಷಕರು ಕ್ರಿಯಾಪದ, ಗಾದೆ, ಬೈಗುಳ ಬರೆದು ಪುಸ್ತಕ ತುಂಬಿಸುತ್ತಿದ್ದರು. ನಾನು ಕೇಳುವುದರಲ್ಲೇ ಕಳೆದೆ. "ನಿನ್ನ ಹಾಗೆ ಕೇಳೋರು ಈ ಊರಲ್ಲೂ ಇಲ್ಲ," ಎಂದು ಯಾನಿಕಮ್ಮ ಒಮ್ಮೆ ಹೇಳಿದಾಗ, ಬಾಯಲ್ಲಿ ನೀರಿದ್ದದ್ದರಿಂದ ಸುಮ್ಮನೆ ಕೈಮುಗಿದೆ.

ನಾಮಕರಣಕ್ಕೆ ಐದು ದಿನವಿದ್ದಾಗ ಏಕಾದಶಿ ಬಂತು. ಪಂಚಾಂಗವನ್ನು ಪೆಟ್ಟಿಗೆಯಲ್ಲಿ ತಂದಿದ್ದೆ. ಮದುವೆಯಾದ ಮೇಲೆ ಆಷಾಢ ಶುದ್ಧ ಏಕಾದಶಿಯಂದು ಹನಿ ನೀರನ್ನೂ ಮುಟ್ಟಿದವಳಲ್ಲ. ಆ ಮಧ್ಯಾಹ್ನ ಯಾನಿಕಮ್ಮ ಬಟ್ಟಲು ಮುಂದಿಟ್ಟರು.

"ಇವತ್ತು ನನಗೆ ಉಪವಾಸ. ನೀರೂ ಇಲ್ಲ," ಎಂದೆ.

"ನುಂಗ್ಬೇಡ, ಬಾಯಲ್ಲಿ ಇಟ್ಕೊ ಸಾಕು. ಆಮೇಲೆ ಉಗುಳು."

"ಅದೂ ಆಗಲ್ಲ ಯಾನಿಕಮ್ಮ."

"ಭಾರೀ ಬಿಗಿ ಕಣಮ್ಮ ನಿಮ್ಮ ದೇವರು," ಎಂದು ಚಾಕು ಕೆಳಗಿಟ್ಟರು. "ಹಾಗಾದ್ರೆ ಇವತ್ತು ಬೇಡ ಬಿಡು. ನಾಳೆಯಿಂದ ಅಂತೂ ಹೇಳೋ ಹಾಗಿಲ್ಲ. ಕೊಡೋ ಮುಂಚೆ ನಾಲ್ಕು ದಿನ ಮುಟ್ಬಾರದು, ಬಿತ್ತೋ ಬೀಜದ ಹಾಗೆ."

ಅಂದರೆ ಅದೇ ಕೊನೆಯ ಸಲ. ಬೇಡ ಬಿಡಿ ಎಂದು ನಾನು ಹೇಳಬಹುದಿತ್ತು. ಈಗ ಯೋಚಿಸಿದರೆ ಅಲ್ಲಿ ಹೇಳಬೇಕಾಗಿದ್ದದ್ದು ಅಷ್ಟೇ. "ಹೇಳಿ ಯಾನಿಕಮ್ಮ. ನಾನು ಬಾಯಿ ಮುಚ್ಕೊಂಡು ಕೂತಿರ್ತೀನಿ. ನನಗೆ ಅಭ್ಯಾಸ ಇದೆ," ಎಂದೆ. ಉಪವಾಸ ಮಾಡಬಲ್ಲವಳಿಗೆ ತುಟಿ ಹಿಡಿದುಕೊಳ್ಳುವುದು ಏನು ದೊಡ್ಡದು ಎಂಬ ಹೆಮ್ಮೆ ಆ ಮಾತಿನಲ್ಲಿತ್ತು. ಅವರು ನಂಬಿದರು.

ಒಲೆಯ ಮೇಲೆ ಗಡ್ಡೆ ಕೊತಕೊತನೆ ಬೇಯುತ್ತಿತ್ತು. ಅವರು ಅದರ ಕಡೆ ತಿರುಗಿ, ಸೌಟು ಆಡಿಸುತ್ತಾ ಹೇಳತೊಡಗಿದರು. ನಾನು ಕಣ್ಣು ಮುಚ್ಚಿದೆ. ಬರಿಹೊಟ್ಟೆಯ ಹಗುರ, ಒಣಗಿದ ಬಾಯಿ, ಎಲ್ಲ ರಾಮಮಂದಿರದ ಏಕಾದಶಿಯ ಸಂಜೆಗಳ ಹಾಗೇ ಇತ್ತು. ಮೊದಲ ಸಾಲು ಮುಗಿಯಿತು. ಎರಡನೆಯದು. ಕೆಂಡದ ಮಡಕೆ ಹಿಡಿದು ಆಕೆ ಮಂಜುಗಡ್ಡೆಯ ಮೇಲೆ ಕಾಲಿಟ್ಟಳು, ಅವಳ ಹಿಂದೆ ನಾನೂ ಹೆಜ್ಜೆ ಇಟ್ಟೆ. ಎಂಟನೆಯ ಸಾಲು ಮುಗಿದು ಕಣ್ಣು ತೆರೆದಾಗ ಯಾನಿಕಮ್ಮ ಬೆನ್ನು ತಿರುಗಿಸಿಯೇ ನಿಂತಿದ್ದರು. ನನ್ನ ಕೆಳತುಟಿ ಇನ್ನೂ ಅದುರುತ್ತಿತ್ತು. ಹಸಿವಿಗೆ ಇರಬೇಕು ಎಂದುಕೊಂಡೆ.

ಮರುದಿನ ದ್ವಾದಶಿ. ಬೆಳಿಗ್ಗೆ ಸ್ನಾನ ಮಾಡಿ, ಕಿಟಕಿಯ ಹತ್ತಿರ ತಲೆ ಬಾಚಿಕೊಳ್ಳುತ್ತಿದ್ದವಳು ಪದ್ಯ ಹೇಳಿಕೊಳ್ಳುತ್ತಿದ್ದೇನೆಂದು ನನಗೇ ಗೊತ್ತಾದದ್ದು ಐದನೆಯ ಸಾಲಿನಲ್ಲಿ. ಬಾಚಣಿಗೆ ನಿಂತಿತು, ಪದ್ಯ ನಿಲ್ಲಲಿಲ್ಲ. ಆರು, ಏಳು, ಎಂಟು, ಕೊನೆಯ ಖಾಲಿ ಜಾಗದವರೆಗೆ ನೀರು ಇಳಿದ ಹಾಗೆ ಇಳಿಯಿತು. ಮತ್ತೆ ಮೊದಲಿನಿಂದ ಹೇಳಿದೆ, ಬಂತು. ನಡುವಿನಿಂದ ಹೇಳಿದೆ, ಬಂತು. ಜೀವಮಾನದಲ್ಲಿ ಮೊದಲ ಸಲ ನನ್ನ ನಾಲಿಗೆಯ ಮೇಲೆ ಒಂದು ಪದ್ಯ ಪೂರ್ತಿಯಾಗಿ ಇತ್ತು.

ಆ ಕ್ಷಣವೇ ಅಡುಗೆಮನೆಗೆ ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳುವುದು, ಅವರು ಮರಳಿ ಹೇಳುವುದು, ಐದು ನಿಮಿಷದ ಕೆಲಸ. ಯಾನಿಕಮ್ಮ ನಾಲ್ಕು ಬೈದು ನಗುತ್ತಿದ್ದರು. ನಾನು ಹೋದೆ ಕೂಡ. ಅವರು ನನ್ನ ಪಾರಣೆಗೆಂದು ಎದ್ದು, ಗಂಜಿ ಕಾಯಿಸಿ, ಅದರ ಮೇಲೆ ಬೆಣ್ಣೆ ಹಾಕಿ ಇಟ್ಟಿದ್ದರು. "ನಿನ್ನೆ ಪೂರ್ತಿ ಒಣಗಿದ್ದೆ. ಮೊದಲು ತಿನ್ನು, ಆಮೇಲೆ ಮಾತು," ಎಂದರು. ತಿಂದೆ. ತಿಂದ ಮೇಲೆ, ಇವತ್ತೊಂದು ದಿನ ಇರಲಿ, ನಾಳೆ ಹೇಳುತ್ತೇನೆ ಎಂದುಕೊಂಡೆ.

ಆ ನಾಲ್ಕು ದಿನ ನಾನು ಸರೋವರದ ದಂಡೆಯಲ್ಲಿ ಒಬ್ಬಳೇ ತಿರುಗಿದೆ. ಯಾರೂ ಇಲ್ಲದ ಕಡೆ ನಿಂತು ತಂದೆಯ ಹಾಗೆ ಮೊದಲ ಸಾಲನ್ನು ಎಳೆದು, ಎರಡನೆಯದನ್ನು ಇಳಿಸಿ ಹೇಳುತ್ತಿದ್ದೆ. ಅಪ್ಪಾ, ಕೇಳಿದಿರಾ, ಎಂದು ಕೂಡ ಅಂದೆ. ಐವತ್ತು ದಾಟಿದ ಹೆಂಗಸು. ಕದ್ದ ಪದಾರ್ಥ ದೇವರಿಗೆ ನೈವೇದ್ಯ ಮಾಡಿದ ಹಾಗೆ ಅದು ಎಂದು ಒಳಗೇ ಗೊತ್ತಿತ್ತು. ನಾಳೆ, ನಾಳೆ ಎಂದು ಮುಂದೂಡಿದಷ್ಟೂ ಹೇಳುವುದು ಕಷ್ಟವಾಯಿತು. ಮೊದಲ ದಿನ ಹೇಳಿದ್ದರೆ ಅದು ತಪ್ಪು, ಮೂರನೆಯ ದಿನ ಹೇಳಿದರೆ ಕಳವು.

ಒಮ್ಮೆ ತಿಪ್ಪೇರುದ್ರಪ್ಪ ಸರ್ ದಾರಿಯಲ್ಲಿ ಸಿಕ್ಕಾಗ, "ಸರ್, ಅಕಸ್ಮಾತ್ ಇವರ ಪದ್ಯ ನಮ್ಮ ಬಾಯಿಗೆ ಬಂದುಬಿಟ್ರೆ ಏನ್ ಮಾಡೋದು?" ಎಂದು ಕೇಳಿದೆ.

"ಬರ್ಲಿ ಬಿಡ್ರಿ ಮೇಡಂ, ಕಸ್ಟಮ್ಸ್‌ನೋರು ಬಾಯಿ ತೆಗೆಸಿ ನೋಡಲ್ಲ," ಎಂದು ನಕ್ಕರು. "ನಾನಂತೂ ಈ ನೀರಿನ ಪದ್ಧತಿ ನಮ್ಮನೇಲಿ ಜಾರಿಗೆ ತರ್ಬೇಕು ಅಂತಿದೀನಿ. ನಾನು ಮಾತಾಡುವಾಗ ಮನೆಯವರ ಬಾಯಲ್ಲಿ ಒಂದು ಗುಟುಕು!" ನಾನೂ ನಕ್ಕೆ. ಅವರು ತಮಾಷೆಗೆ ಹೇಳಿದ್ದನ್ನು ನಾನು ಅಪ್ಪಣೆಯ ಹಾಗೆ ತೆಗೆದುಕೊಂಡೆ.

ನಾಮಕರಣದ ದಿನ ಸಭಾಮಂದಿರ ತುಂಬಿತ್ತು. ಎಲ್ಲರಿಗೂ ಬಟ್ಟಲು ಹಂಚಿದರು. ನಡುವಿನ ಎರಡು ಮಣೆಗಳಲ್ಲಿ ಒಂದರ ಮೇಲೆ ಯಾನಿಕಮ್ಮ, ತೊಡೆಯ ಮೇಲೆ ಮಗು. ಇನ್ನೊಂದರ ಮೇಲೆ ಬೆರಿತ್, ಅವಳೊಬ್ಬಳಿಗೆ ಬಟ್ಟಲಿಲ್ಲ. ಯಾನಿಕಮ್ಮ ನೀಲಿ ಕಸೂತಿಯ ಬಿಳಿ ಶಾಲು ಹೊದ್ದಿದ್ದರು. ಜನರ ನಡುವೆ ನನ್ನನ್ನು ಹುಡುಕಿ, ಮುಂದೆ ಬಾ ಎಂದು ಕೈಸನ್ನೆ ಮಾಡಿ, ಎದುರಿನ ಸಾಲಿನಲ್ಲೇ ಕೂರಿಸಿದರು. ಎಲ್ಲರೂ ಒಂದೊಂದು ಗುಟುಕು ತೆಗೆದುಕೊಂಡೆವು. ನಾನೂ ತೆಗೆದುಕೊಂಡೆ.

ಅವರು ಬಾಯಿ ತೆರೆದರು. ಏನೂ ಬರಲಿಲ್ಲ. ಮುಗುಳ್ನಕ್ಕು ಶಾಲು ಸರಿಮಾಡಿಕೊಂಡು, ಕೆಮ್ಮಿ, ಮತ್ತೆ ಬಾಯಿ ತೆರೆದರು. ತುಟಿಗಳು ಮೊದಲ ಅಕ್ಷರದ ಆಕಾರಕ್ಕೆ ಬಂದು ಅಲ್ಲೇ ನಿಂತವು. ಮಗು ಒಮ್ಮೆ ಆಕಳಿಸಿತು. ಹೇಳುವವರು ಅಂಗೈಯನ್ನು ಮೊಣಕಾಲ ಮೇಲೆ ಇಡುವವರೆಗೆ ಯಾರೂ ನುಂಗುವಂತಿಲ್ಲ. ಹಾಗಾಗಿ ಇನ್ನೂರು ಜನರಲ್ಲಿ ಒಬ್ಬರಿಗೂ, ಇರಲಿ ಬಿಡಮ್ಮ ಎಂದು ಹೇಳುವುದಕ್ಕೆ ಬಾಯಿರಲಿಲ್ಲ. ಬೆರಿತ್ ತಾಯಿಯನ್ನೇ ನೋಡುತ್ತಿದ್ದಳು, ಮೊದಲು ಧೈರ್ಯ ಕೊಡುವ ಹಾಗೆ, ಆಮೇಲೆ ಹೆದರಿದ ಹಾಗೆ. ನನ್ನ ಬಾಯಲ್ಲಿ ನೀರು ಬೆಚ್ಚಗಾಯಿತು. ಅದರ ಕೆಳಗೆ ಎಂಟು ಸಾಲೂ ಇದ್ದವು. ಉಗುಳಿ ಎದ್ದು ನಿಂತರೆ ಸಾಕಿತ್ತು. ಎಲ್ಲರ ಮುಂದೆ ನಿಂತು ಎರಡನೆಯ ಸಾಲಿಗೆ ತಡವರಿಸಿದ್ದ ಆ ಹಳೆಯ ದಿನದ ಹಾಗೆ ಕಾಲು ಕಲ್ಲಾಯಿತು ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ಅದು ನಿಜವಲ್ಲ. ನನ್ನನ್ನು ಅವರು ನೋಡುವ ಬಗೆ ಬದಲಾಗುವುದು ನನಗೆ ಬೇಕಿರಲಿಲ್ಲ, ಅಷ್ಟೇ.

ಎಷ್ಟು ಹೊತ್ತಾಯಿತೋ. ಕೊನೆಗೆ ಯಾನಿಕಮ್ಮ ಮಗುವನ್ನು ಬೆರಿತಳ ಮಡಿಲಿಗೆ ಕೊಟ್ಟು, ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟರು. ಇಡೀ ಮಂದಿರ ನುಂಗಿತು. ನಾನೂ ನುಂಗಿದೆ.

"ಒಣಗೋಗಿದೆ ಕಣ್ರಪ್ಪ. ವಯಸ್ಸಾಯ್ತಲ್ಲ," ಎಂದರು ಯಾನಿಕಮ್ಮ, ಹಾಲು ಒಡೆದುಹೋಯಿತು ಎನ್ನುವಷ್ಟು ಸಾಧಾರಣವಾಗಿ. ಹಿಂದಿನ ಸಾಲಿನ ಮುದುಕರೊಬ್ಬರು, "ನಮ್ಮತ್ತೆಗೂ ಹಿಂಗೇ ಆಗಿತ್ತು ಬಿಡಮ್ಮ" ಎಂದರು. ಜನ ಒಬ್ಬೊಬ್ಬರೇ ಬಂದು ಅವರ ಭುಜ ಮುಟ್ಟಿ ಹೊರಟರು. ಹೋಗುವಾಗ ಮಗುವಿನ ಕೆನ್ನೆ ಸವರಿದರು, ಹೆಸರು ಹಿಡಿದು ಯಾರೂ ಕರೆಯಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಯಾನಿಕಮ್ಮ ನನ್ನ ಕೈ ಹಿಡಿದುಕೊಂಡಿದ್ದರು. "ನೀನಾದ್ರೂ ಅಷ್ಟು ಸಲ ಕೇಳಿದ್ಯಲ್ಲ ಮಗಳೇ. ಇತ್ತು ಅನ್ನೋದಕ್ಕೆ ನೀನೊಬ್ಬಳು ಸಾಕ್ಷಿ," ಎಂದರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ನಮ್ಮ ಬಸ್ಸು. ಎಂಟಕ್ಕೆ ನಾನು ಬೆರಿತಳ ಮನೆಗೆ ಹೋದೆ. ಅವಳು ಮಗುವಿಗೆ ಹಾಲುಣಿಸುತ್ತಾ ಕೂತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಏಕಾದಶಿ, ಬಟ್ಟಲು, ಬೆನ್ನುದನಿ, ನಾಲ್ಕು ದಿನ, ನಿನ್ನೆ. ಅವಳು ಮಗುವನ್ನು ಹೆಗಲಿಗೆ ಹಾಕಿ ತೇಗು ಬರಿಸಿ ಮಲಗಿಸಿದಳು.

"ಹೇಳಿ, ಕೇಳ್ತೀನಿ," ಎಂದಳು. ಹೂಜಿಯಿಂದ ಬಟ್ಟಲಿಗೆ ನೀರು ಬಗ್ಗಿಸಿ, ಒಂದು ಗುಟುಕು ಬಾಯಿಗೆ ತೆಗೆದುಕೊಂಡಳು.

"ಬೇಡ, ನೀರು ಬೇಡ. ನೀವು ಮರಳಿ ಹೇಳ್ಬೇಕು. ಅದಕ್ಕೇ ಬಂದದ್ದು ನಾನು," ಎಂದೆ.

ಅವಳು ತಲೆಯಾಡಿಸಿ, ಹೇಳು ಎಂದು ಕೈ ತೋರಿಸಿದಳು. ಹೇಳಿದೆ. ಅವಳ ಎದುರಿಗೆ ಕೂತು ಎಂಟು ಸಾಲೂ ಹೇಳಿ, ಕೊನೆಯ ಖಾಲಿ ಜಾಗದಲ್ಲಿ ಯಾವ ಹೆಸರನ್ನೂ ಇಡದೆ, ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟೆ. ಬೆರಿತ್ ಕಣ್ಣು ಮುಚ್ಚಿ ನುಂಗಿದಳು.

"ಚೆನ್ನಾಗಿ ಹೇಳ್ತೀರಿ. ಅಮ್ಮನಿಗಿಂತ ಚೆನ್ನಾಗಿ," ಎಂದಳು. "ಇನ್ನು ಹೊರಡಿ. ಬಸ್ಸು ತಪ್ಪೋಗುತ್ತೆ."

"ಬೆರಿತ್, ಮಗುವಿಗೆ ಹೆಸರು..."

"ನೀವು ಇದನ್ನ ನನಗೆ ಕೊಟ್ರೆ ನಾನು ಅಮ್ಮನ ಎದುರಿಗೆ ಹೇಳ್ಬೇಕಾಗುತ್ತೆ. ಎಲ್ಲಿಂದ ಬಂತು ಅಂತ ಕೇಳ್ತಾಳೆ. ತನ್ನದು ಒಣಗೋಯ್ತು ಅಂದ್ರೆ ಅಮ್ಮ ತಡ್ಕೊತಾಳೆ, ಮುದುಕಿಯರಿಗೆ ಆಗೋದೇ ಅದು. ತಾನು ಅಲ್ಲಿ ಕೂತು ಬಾಯಿ ಬಿಡ್ತಾ ಇರೋವಾಗ ನೀವು ಎದುರಿಗೇ ಕೂತು ನೋಡ್ತಾ ಇದ್ರಿ ಅಂತ ಗೊತ್ತಾದ್ರೆ ತಡ್ಕೊಳಲ್ಲ. ನಿನ್ನೆ ರಾತ್ರಿ ಮಗುನ ನೋಡೋಕೆ ಬಂದಾಗಲೂ ನಿಮ್ಮದೇ ಮಾತು. ಆ ಹುಡುಗಿ ಹಾಗೆ ಕೇಳ್ತಿತ್ತು, ಹೀಗೆ ಕೇಳ್ತಿತ್ತು." ತೊಟ್ಟಿಲಿನ ಅಂಚು ಹಿಡಿದು ಅವಳು ಮತ್ತೆ ಹೇಳಿದಳು, "ಪದ್ಯ ಹೋಯ್ತು. ನೀವಾದ್ರೂ ಅವಳಿಗೆ ಉಳ್ಕೊಳ್ಳಿ."

ಬಸ್ ನಿಲ್ದಾಣಕ್ಕೆ ಯಾನಿಕಮ್ಮ ಬಂದಿದ್ದರು. ಬ್ರೆಡ್ಡು, ಒಣಗಿಸಿದ ಮೀನಿನ ಬದಲು ನನಗೆಂದೇ ಒಣಗಿಸಿದ ಸೇಬು, ಒಂದು ಜೊತೆ ಉಣ್ಣೆಯ ಕಾಲುಚೀಲ. ತಿಪ್ಪೇರುದ್ರಪ್ಪ ಸರ್ ಎಲ್ಲರ ಪರವಾಗಿ ವಂದನಾರ್ಪಣೆ ಮಾಡಿದರು. ಯಾನಿಕಮ್ಮ ನನ್ನ ಹಣೆಗೆ ಮುತ್ತಿಟ್ಟರು. ನಾನು ಅವರ ಕಾಲು ಮುಟ್ಟಿದೆ. ಅವರಿಗೆ ಆ ಪದ್ಧತಿ ಗೊತ್ತಿಲ್ಲದೆ, ಏನೋ ಬೀಳಿಸಿಕೊಂಡೆನೆಂದು ತಾವೂ ಬಗ್ಗಿ ನೆಲ ನೋಡಿದರು.

ಇದೆಲ್ಲ ಆಗಿ ಎರಡು ವರ್ಷವಾಯಿತು. ನಾನು ಕಾಲೇಜಿಗೆ ಹೋಗುತ್ತೇನೆ, ಪಾಠ ಮಾಡುತ್ತೇನೆ. ಉಚ್ಚಾರಣೆ ಬಹಳ ಸುಧಾರಿಸಿದೆಯೆಂದು ವಿದ್ಯಾರ್ಥಿಗಳೇ ಹೇಳುತ್ತಾರೆ. ಬಂದ ಮೇಲೆ ಪದ್ಯವನ್ನು ಒಂದು ಸಲವೂ ಜೋರಾಗಿ ಹೇಳಿಲ್ಲ. ದೇವರ ಮುಂದೆ ಕೂತಾಗ ಅದು ತಾನಾಗಿ ಬಾಯಿಗೆ ಬರುತ್ತದೆ. ವಿಷ್ಣುಸಹಸ್ರನಾಮವನ್ನು ಪುಸ್ತಕ ನೋಡಿ ಓದಬೇಕು, ಇದಕ್ಕೆ ಪುಸ್ತಕ ಬೇಡ. ಒಮ್ಮೆ ಅಣ್ಣನಿಗೆ ಎಲ್ಲ ಹೇಳಿಬಿಡಬೇಕೆಂದು ಹೋದವಳು, ಅವನು ತಂದೆಯ ಧಾಟಿಯಲ್ಲಿ ವಾಚನ ಮಾಡುವುದನ್ನು ಕೇಳಿ ಎದ್ದು ಬಂದೆ.

ಹೋದ ವಾರ ಯಾನಿಕಮ್ಮನ ಕಾಗದ ಬಂತು. ಮೊಮ್ಮಗಳು ಓಡಾಡುತ್ತಾಳಂತೆ, ಬಾತುಕೋಳಿಗಳನ್ನು ಅಟ್ಟಿಸಿಕೊಂಡು ಹೋಗುತ್ತಾಳಂತೆ. ಊರವರು ಈಗಲೂ ಅವಳನ್ನು "ಬೆರಿತಳ ಹುಡುಗಿ" ಎಂದೇ ಕರೆಯುತ್ತಾರಂತೆ. ಸಭಾಮಂದಿರದಲ್ಲಿ ತಾಯಿಮಗಳಿಬ್ಬರೂ ಪದ್ಯವಿಲ್ಲದ ಮನೆಯವರ ಸಾಲಿನಲ್ಲಿ, ಬಾಗಿಲ ಹತ್ತಿರ, ಕೂರುತ್ತಾರಂತೆ. ಕೊನೆಯಲ್ಲಿ ಹೀಗೆ ಬರೆದಿದ್ದರು: "ಮಗಳೇ, ನಿನ್ನ ತಂದೆ ದೊಡ್ಡ ಹೇಳುಗಾರರೆಂದು ನೀನೇ ಹೇಳಿದ್ದೆ. ನಿಮ್ಮಲ್ಲಿ ಪದ್ಯ ಕೊಟ್ಟರೂ ಕಡಿಮೆಯಾಗುವುದಿಲ್ಲವಂತಲ್ಲ. ಒಂದು ಹೆಸರಿಗೆ ಜಾಗವಿರುವಂಥದ್ದು ಯಾವುದಾದರೂ ನಿನಗೆ ಬರುತ್ತಿದ್ದರೆ, ಬೇಸಿಗೆ ರಜೆಯಲ್ಲಿ ಬಂದು ನಮ್ಮ ಹುಡುಗಿಗೆ ಕೊಟ್ಟು ಹೋಗು. ನಾನಿನ್ನು ಹೆಚ್ಚು ದಿನ ಇರುವವಳಲ್ಲ. ನಿನ್ನನ್ನಲ್ಲದೆ ಬೇರೆ ಯಾರನ್ನೂ ಕೇಳಲಾರೆ."

ಮೂರು ದಿನ ಆ ಕಾಗದವನ್ನು ದೇವರ ಗೂಡಿನಲ್ಲಿಟ್ಟಿದ್ದೆ. ಹೋಗಬಹುದು, ರಜೆಯಿದೆ. ಹೋಗಿ ಬಾಯಿ ತೆರೆದರೆ ಬರುವುದು ಅದೊಂದೇ. ಮೊದಲ ಸಾಲಿಗೇ ಅವರಿಗೆ ಗುರುತು ಸಿಗುತ್ತದೆ. ಹೋಗದಿದ್ದರೆ ಹುಡುಗಿಗೆ ಹೆಸರಿಲ್ಲ. ಬೆರಿತಳಿಗೆ ಕೊಟ್ಟ ಮಾತು ಎಂದು ಹೇಳಿಕೊಂಡೆ. ಅವಳು ಮಾತು ಕೊಡಿ ಎಂದಿರಲಿಲ್ಲ, ನಾನು ಕೊಟ್ಟಿರಲೂ ಇಲ್ಲ.

ಇವತ್ತು ಬೆಳಿಗ್ಗೆ ಉತ್ತರ ಬರೆದೆ. ಹುಡುಗಿಗೆ ಆಶೀರ್ವಾದ, ಬೆರಿತಳಿಗೆ ನಮಸ್ಕಾರ, ಸೇಬು ಬಹಳ ದಿನ ಬಂತು. ತಂದೆಯವರ ಪದ್ಯಗಳೆಲ್ಲ ಅಣ್ಣನಿಗೆ ಹೋದವು ಯಾನಿಕಮ್ಮ, ಕ್ಷಮಿಸಿ, ನನಗೆ ಒಂದು ಪದ್ಯವೂ ಬರುವುದಿಲ್ಲ ಎಂದು ಅವರ ಭಾಷೆಯಲ್ಲಿ ಬರೆದು, ಅಭ್ಯಾಸಬಲದಿಂದ ಇನ್ನೊಮ್ಮೆ ಓದಿ ನೋಡಿದೆ. ಎಲ್ಲೂ ತಿದ್ದುವಂಥದ್ದು ಇರಲಿಲ್ಲ. ಅಂಚೆಗೆ ಹಾಕಿ ಬಂದೆ.